ಸೇವೆಗೂ ಓದು ಬೇಕೆಂದ ಮೇರಿ ರಿಚ್ಮಂಡ್

ಎಂಎಸ್‌ಡಬ್ಲ್ಯು ಓದುತ್ತಿದ್ದೇನೆ ಎಂದರೆ ಸಾಕು, ನೆಂಟರಿಷ್ಟರಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ. ಬಡವರಿಗೆ ಸಹಾಯ ಮಾಡುವುದಕ್ಕೂ ಡಿಗ್ರಿ ಬೇಕೇನಮ್ಮ ಎಂದು ಕೇಳುತ್ತಾರೆ. ಮನಸ್ಸಿದ್ದರೆ ಸಾಕಲ್ಲವೇ ಎಂಬುದು ಅವರ ಧಾಟಿ. ಈ ಪ್ರಶ್ನೆ ಹೊಸದಲ್ಲ. ನೂರಿಪ್ಪತ್ತು ವರ್ಷಗಳ ಹಿಂದೆ ಅಮೆರಿಕದಲ್ಲಿ ಒಬ್ಬ ಹೆಣ್ಣುಮಗಳು ಇದನ್ನು ಎದುರಿಸಿ, ಉತ್ತರ ಹುಡುಕುವುದರಲ್ಲೇ ಇಡೀ ಜೀವನ ಕಳೆದಳು. ಆಕೆಯ ಹೆಸರು ಮೇರಿ ಎಲೆನ್ ರಿಚ್ಮಂಡ್. ನಮ್ಮ ತರಗತಿಯಲ್ಲಿ ಆಕೆಯ ಹೆಸರು ಪರೀಕ್ಷೆಯ ಐದು ಅಂಕದ ಪ್ರಶ್ನೆಯಷ್ಟೇ. ಆದರೆ ಆಸ್ಪತ್ರೆಗಳಲ್ಲಿ, ಮಕ್ಕಳ ರಕ್ಷಣಾ ಘಟಕಗಳಲ್ಲಿ, ಸಾಂತ್ವನ ಕೇಂದ್ರಗಳಲ್ಲಿ ಇಂದು ಕೇಸ್ ಮ್ಯಾನೇಜ್‌ಮೆಂಟ್ ಎಂದು ಕರೆಯುವ ಕೆಲಸದ ಬೇರು ಹುಡುಕಿಕೊಂಡು ಹೋದರೆ ಆಕೆಯ ಮೇಜಿನ ಬಳಿಗೇ ಹೋಗಿ ನಿಲ್ಲುತ್ತೇವೆ.

ಮೇರಿ ಹುಟ್ಟಿದ್ದು 1861ರ ಆಗಸ್ಟ್ 5ರಂದು, ಇಲಿನಾಯ್ ರಾಜ್ಯದ ಬೆಲ್‌ವಿಲ್ ಎಂಬ ಊರಿನಲ್ಲಿ. ಅಮೆರಿಕದ ಅಂತರ್ಯುದ್ಧ ಶುರುವಾದ ವರ್ಷ ಅದು. ತಂದೆ ಸಾರೋಟುಗಳ ಕಬ್ಬಿಣದ ಕೆಲಸ ಮಾಡುತ್ತಿದ್ದ ಕಮ್ಮಾರ. ಕ್ಷಯರೋಗ ಆ ಮನೆಯನ್ನು ಬಿಡಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಹೆತ್ತವರನ್ನು ಕಳೆದುಕೊಂಡ ಹುಡುಗಿ ಬಾಲ್ಟಿಮೋರ್ ನಗರದಲ್ಲಿ ಅಜ್ಜಿ ಮತ್ತು ಚಿಕ್ಕಮ್ಮಂದಿರ ಮಡಿಲಿಗೆ ಬಂದಳು. ಕ್ಷಯಕ್ಕೆ ಕಾರಣವಾದ ರೋಗಾಣುವನ್ನು ರಾಬರ್ಟ್ ಕಾಕ್ ಗುರುತಿಸಿದ್ದು 1882ರಲ್ಲಿ. ಅದಕ್ಕೂ ಮೊದಲಿನ ಕಾಲವಾದ್ದರಿಂದ ಹೆತ್ತವರನ್ನು ಕಿತ್ತುಕೊಂಡ ಕಾಯಿಲೆ ಏನು, ಹೇಗೆ ಹರಡುತ್ತದೆ ಎಂಬುದನ್ನು ಆ ಮಗುವಿಗೆ ಹೇಳಬಲ್ಲವರು ಯಾರೂ ಇರಲಿಲ್ಲ.

ಅಜ್ಜಿ ಗಟ್ಟಿಗಿತ್ತಿ. ಹೆಂಗಸರಿಗೆ ಮತದಾನದ ಹಕ್ಕು ಬೇಕು ಎನ್ನುತ್ತಿದ್ದವರು. ಮನೆಯಲ್ಲಿ ಸದಾ ರಾಜಕೀಯ, ಧರ್ಮ, ಸಮಾಜದ ಚರ್ಚೆ. ಆ ಕಾಲದ ಶಾಲೆಗಳ ಮೇಲೆ ಅಜ್ಜಿಗೆ ನಂಬಿಕೆ ಇರಲಿಲ್ಲವಾಗಿ ಮೇರಿ ಹನ್ನೊಂದು ವರ್ಷದವರೆಗೆ ಶಾಲೆಯ ಮುಖ ನೋಡಲಿಲ್ಲ. ಕೈಗೆ ಸಿಕ್ಕಿದ ಪುಸ್ತಕಗಳನ್ನೆಲ್ಲ ಓದಿಕೊಂಡು ಬೆಳೆದಳು. ಕೊನೆಗೆ ಸರ್ಕಾರಿ ಶಾಲೆ ಸೇರಿ, 1878ರಲ್ಲಿ ಹದಿನಾರನೇ ವಯಸ್ಸಿಗೆ ಹೈಸ್ಕೂಲು ಮುಗಿಸಿದಳು. ಆಕೆಯ ಓದು ಅಲ್ಲಿಗೇ ನಿಂತಿತು. ಮುಂದೆ ಒಂದು ವೃತ್ತಿಯ ಪಠ್ಯಪುಸ್ತಕವನ್ನೇ ಬರೆದ ಮೇರಿ ಕಾಲೇಜು ಮೆಟ್ಟಿಲು ಹತ್ತಿದವಳಲ್ಲ.

ಹೈಸ್ಕೂಲು ಮುಗಿಯುತ್ತಲೇ ಚಿಕ್ಕಮ್ಮನೊಬ್ಬರ ಜೊತೆ ನ್ಯೂಯಾರ್ಕ್‌ಗೆ ಹೋಗಿ ಪುಸ್ತಕ ಪ್ರಕಾಶನ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಬೆಳಗಿನಿಂದ ರಾತ್ರಿಯವರೆಗೆ ದುಡಿತ, ಸಂಬಳ ಮಾತ್ರ ಅಲ್ಪ. ಸ್ವಲ್ಪ ದಿನದಲ್ಲೇ ಚಿಕ್ಕಮ್ಮ ಕಾಯಿಲೆ ಬಿದ್ದು ಬಾಲ್ಟಿಮೋರ್‌ಗೆ ಮರಳಿದರು. ಹದಿನೇಳರ ಹುಡುಗಿ ಆ ಮಹಾನಗರದಲ್ಲಿ ಒಬ್ಬಂಟಿಯಾದಳು. ಕೆಲಸ ಮುಗಿಸಿ ಬಂದು ಶೀಘ್ರಲಿಪಿ ಕಲಿಯುತ್ತಿದ್ದಳಂತೆ. ಮಲೇರಿಯಾ ಹಿಡಿಯಿತು. ಎರಡು ವರ್ಷ ಹೇಗೋ ತಳ್ಳಿ, ಮೈ ಸೋತು 1880ರಲ್ಲಿ ಊರಿಗೆ ಮರಳಿದಳು. ನನಗನ್ನಿಸುವಂತೆ ಆಕೆಯ ನಿಜವಾದ ಪಾಠಶಾಲೆ ಈ ಎರಡು ವರ್ಷಗಳೇ. ದುಡಿಯುವ ಮನಸ್ಸಿದ್ದೂ, ಬುದ್ಧಿಯಿದ್ದೂ, ಸೋಮಾರಿಯಲ್ಲದಿದ್ದರೂ ಮನುಷ್ಯ ಹೇಗೆ ಬಡತನಕ್ಕೆ ಬೀಳುತ್ತಾನೆ ಎಂಬುದನ್ನು ಆಕೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ.

ಬಾಲ್ಟಿಮೋರ್‌ನಲ್ಲಿ ಕೆಲವು ವರ್ಷ ಲೆಕ್ಕ ಬರೆಯುವ ಕೆಲಸ. ಮೊದಲು ಒಂದು ಸ್ಟೇಷನರಿ ಅಂಗಡಿ, ಆಮೇಲೆ ಒಂದು ಹೋಟೆಲು. 1889ರಲ್ಲಿ ಬಾಲ್ಟಿಮೋರ್ ಚಾರಿಟಿ ಆರ್ಗನೈಸೇಷನ್ ಸೊಸೈಟಿ ಎಂಬ ಸಂಸ್ಥೆಗೆ ಸಹಾಯಕ ಖಜಾಂಚಿ ಬೇಕು ಎಂದು ತಿಳಿದು ಅರ್ಜಿ ಹಾಕಿದರು. ಕೆಲಸ ಸಿಕ್ಕಿತು. ಆಗ ವಯಸ್ಸು ಇಪ್ಪತ್ತೆಂಟು. ಲೆಕ್ಕದ ಪುಸ್ತಕ ಬರೆಯಲು ಬಂದವರು ಎರಡೇ ವರ್ಷದಲ್ಲಿ, 1891ರಲ್ಲಿ, ಆ ಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾದರು.

ಈ ಸೊಸೈಟಿಗಳು ಏನು ಮಾಡುತ್ತಿದ್ದವು ಎಂಬುದನ್ನು ಸ್ವಲ್ಪ ಹೇಳಬೇಕು. 1869ರಲ್ಲಿ ಲಂಡನ್‌ನಲ್ಲಿ ಶುರುವಾದ ಈ ಪದ್ಧತಿ 1877ರಲ್ಲಿ ಅಮೆರಿಕದ ಬಫಲೋ ನಗರಕ್ಕೆ ಬಂತು. ಆಗ ಊರು ತುಂಬ ದಾನ ಮಾಡುವ ಸಂಘಗಳು. ಚರ್ಚು ಒಂದು ಕಡೆ, ಶ್ರೀಮಂತರ ಮಂಡಳಿ ಇನ್ನೊಂದು ಕಡೆ, ನಗರಾಡಳಿತ ಮತ್ತೊಂದು ಕಡೆ. ಕೇಳಲು ಬಾಯಿ ಇದ್ದವರಿಗೆ ಮೂರು ಕಡೆಯಿಂದ ಸೌದೆ, ಬ್ರೆಡ್ಡು ಸಿಗುತ್ತಿತ್ತು. ಸಂಕೋಚದವರಿಗೆ ಎಲ್ಲೂ ಸಿಗುತ್ತಿರಲಿಲ್ಲ. ಯಾರಿಗೆ ಯಾರು ಏನು ಕೊಟ್ಟರು ಎಂದು ಬರೆದಿಡುವವರೇ ಇರಲಿಲ್ಲ. ಸೊಸೈಟಿಗಳು ಪ್ರತಿ ಕುಟುಂಬಕ್ಕೂ ದಾಖಲೆ ಇಟ್ಟು, ಸಂಘಗಳ ನಡುವೆ ಕೊಂಡಿಯಾಗಿ, ಮನೆಮನೆಗೆ ಸ್ವಯಂಸೇವಕರನ್ನು ಕಳುಹಿಸಿದವು. ಇಂದು ಒಂದೇ ರೋಗಿಗೆ ಸಂಬಂಧಿಸಿದ ವೈದ್ಯರು, ಪಡಿತರ, ಪಿಂಚಣಿ, ಸಮಾಲೋಚನೆ ಎಲ್ಲವನ್ನೂ ಒಬ್ಬರು ಜೋಡಿಸಿ ನೋಡಿಕೊಳ್ಳುವ ಪದ್ಧತಿ ಇದೆಯಲ್ಲ, ಅದರ ಮೊದಲ ರೂಪ ಇದು. ಕೇಸ್ ಮ್ಯಾನೇಜರ್ ಎಂಬ ಹೆಸರು ಅಮೆರಿಕದಲ್ಲಿ ಬಳಕೆಗೆ ಬಂದದ್ದು 1970ರ ದಶಕದಲ್ಲಿ, ದೊಡ್ಡ ಮಾನಸಿಕ ಆಸ್ಪತ್ರೆಗಳಿಂದ ಜನರನ್ನು ಮನೆಗಳಿಗೆ ಕಳುಹಿಸತೊಡಗಿದಾಗ. ಹೆಸರು ಬರುವ ಎಷ್ಟೋ ಮೊದಲೇ ಕೆಲಸ ನಡೆದಿತ್ತು.

ಆದರೆ ಆ ವ್ಯವಸ್ಥೆಯಲ್ಲಿ ಒಂದು ಮುಳ್ಳೂ ಇತ್ತು. ಮನೆಗೆ ಭೇಟಿ ಕೊಡುತ್ತಿದ್ದ ಅನುಕೂಲಸ್ಥ ಮಹಿಳೆಯರಲ್ಲಿ ಅನೇಕರು ಬಡತನವೆಂದರೆ ನಡತೆಯ ದೋಷ ಎಂದು ಮೊದಲೇ ತೀರ್ಮಾನಿಸಿಕೊಂಡಿರುತ್ತಿದ್ದರು. ಯೋಗ್ಯ ಬಡವ, ಅಯೋಗ್ಯ ಬಡವ ಎಂದು ವಿಂಗಡಣೆ. ಮೇರಿ ತಾವೇ ಮನೆಗಳಿಗೆ ಹೋಗಲು ಶುರು ಮಾಡಿದರು. ಬೋಸ್ಟನ್‌ಗೆ ಹೋಗಿ ಜಿಲ್ಫಾ ಸ್ಮಿತ್ ಎಂಬ ಅನುಭವಿಯಿಂದ ಕೆಲಸ ಕಲಿತು ಬಂದರು. ಒಳ್ಳೆಯ ಮನಸ್ಸಿನವರೇ ಗೊತ್ತಿಲ್ಲದೆ ಎಷ್ಟು ಹಾನಿ ಮಾಡಬಲ್ಲರು ಎಂಬುದನ್ನು ಕಂಡರು. 1897ರಲ್ಲಿ ಟೊರಾಂಟೊದಲ್ಲಿ ನಡೆದ ರಾಷ್ಟ್ರೀಯ ಸಮ್ಮೇಳನದಲ್ಲಿ ಎದ್ದು ನಿಂತು, ಈ ಕೆಲಸಕ್ಕೊಂದು ತರಬೇತಿ ಶಾಲೆ ಬೇಕೇ ಬೇಕು ಎಂದು ವಾದ ಮಂಡಿಸಿದರು. ಮರುವರ್ಷವೇ, 1898ರಲ್ಲಿ, ನ್ಯೂಯಾರ್ಕ್‌ನ ಸೊಸೈಟಿ ಆರು ವಾರಗಳ ಬೇಸಿಗೆ ತರಗತಿ ನಡೆಸಿತು. ಅದೇ ಬೆಳೆದು ಇಂದು ಕೊಲಂಬಿಯಾ ವಿಶ್ವವಿದ್ಯಾಲಯದ ಸಮಾಜಕಾರ್ಯ ಶಾಲೆಯಾಗಿದೆ. ನಮ್ಮ ಡಿಗ್ರಿಯ ಹುಟ್ಟೂರು ಅದು ಎನ್ನಬಹುದು.

1900ರಲ್ಲಿ ಮೇರಿ ಫಿಲಡೆಲ್ಫಿಯಾದ ಸೊಸೈಟಿಯ ಚುಕ್ಕಾಣಿ ಹಿಡಿದರು. ಅಲ್ಲಿ ಬಾಲಕಾರ್ಮಿಕ ಪದ್ಧತಿ, ಬಡವರ ವಸತಿ, ಗಂಡ ಬಿಟ್ಟುಹೋದ ಹೆಂಗಸರ ಹಕ್ಕು, ಮಕ್ಕಳಿಗೆ ಪ್ರತ್ಯೇಕ ನ್ಯಾಯಾಲಯ ಇವೆಲ್ಲಕ್ಕೂ ಓಡಾಡಿದರು. 1901ರಲ್ಲಿ ಅವರು ಬರೆದ ಒಂದು ಚಿತ್ರ ನನಗೆ ಬಹಳ ಇಷ್ಟ. ಒಂದರ ಸುತ್ತ ಒಂದು ವೃತ್ತಗಳು. ನಡುವೆ ಕುಟುಂಬ. ಅದರಾಚೆ ಬಂಧುಗಳು, ಸ್ನೇಹಿತರು. ಆಮೇಲೆ ನೆರೆಹೊರೆ, ಅಂಗಡಿಯವರು, ದುಡಿಯುವ ಜಾಗ. ಆಮೇಲೆ ಶಾಲೆ, ಪೊಲೀಸ್, ಆರೋಗ್ಯ ಇಲಾಖೆಯಂಥ ನಾಗರಿಕ ವ್ಯವಸ್ಥೆ. ಅದರ ಹೊರಗೆ ಖಾಸಗಿ ದಾನಸಂಸ್ಥೆಗಳು, ಕಟ್ಟಕಡೆಗೆ ಸರ್ಕಾರದ ನೆರವು. ಕಷ್ಟದಲ್ಲಿರುವ ಮನೆಯೊಂದಕ್ಕೆ ಎಲ್ಲೆಲ್ಲಿ ಆಸರೆಯಿದೆ ಎಂದು ಒಳಗಿನಿಂದ ಹೊರಕ್ಕೆ ಹುಡುಕುತ್ತ ಹೋಗಬೇಕು ಎಂಬುದು ಅದರ ಸಾರ. ಕಾಗದದ ಮೇಲೆ ಕೈಯಿಂದ ಬರೆಯಬಹುದಾದ ಸರಳ ಚಿತ್ರ. ಇಂದಿಗೂ ನಾವು ಫೀಲ್ಡ್ ವರ್ಕ್ ವರದಿಯಲ್ಲಿ ಅದರ ಮರಿಮಕ್ಕಳಂಥ ನಕ್ಷೆಗಳನ್ನೇ ಬರೆಯುತ್ತೇವೆ.

ಇದೇ ಸಮಯದಲ್ಲಿ ಆಸ್ಪತ್ರೆಗಳೂ ಎಚ್ಚೆತ್ತವು. 1905ರಲ್ಲಿ ಬೋಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯ ರಿಚರ್ಡ್ ಕ್ಯಾಬಟ್, ಹೊರರೋಗಿ ವಿಭಾಗಕ್ಕೆ ಸಮಾಜ ಕಾರ್ಯಕರ್ತೆಯೊಬ್ಬರನ್ನು ನೇಮಿಸಿಕೊಂಡರು. ಪೌಷ್ಟಿಕ ಆಹಾರ, ವಿಶ್ರಾಂತಿ ಎಂದು ಚೀಟಿ ಬರೆದರೆ ಬಾಡಿಗೆ ಕಟ್ಟಲಾಗದ ರೋಗಿ ಅದನ್ನು ಎಲ್ಲಿಂದ ತರಬೇಕು ಎಂಬುದು ಅವರಿಗೆ ಅರ್ಥವಾಗಿತ್ತು. ಗಾರ್ನೆಟ್ ಪೆಲ್ಟನ್, ಅವರ ನಂತರ ಐಡಾ ಕ್ಯಾನನ್ ಆ ಕೆಲಸ ಬೆಳೆಸಿದರು. ಮೇರಿ ವೈದ್ಯರ ರೀತಿಯನ್ನು ಗಮನವಿಟ್ಟು ನೋಡಿದರು. ವೈದ್ಯರು ರೋಗಿಯನ್ನು ಕೇಳುತ್ತಾರೆ, ಪರೀಕ್ಷಿಸುತ್ತಾರೆ, ಆಮೇಲೆ ರೋಗ ಇಂಥದ್ದು ಎನ್ನುತ್ತಾರೆ, ಅದಾದ ಮೇಲೆ ಮದ್ದು. ಬಡತನದ ವಿಷಯದಲ್ಲಿ ಮಾತ್ರ ಪರೀಕ್ಷೆಯೇ ಇಲ್ಲದೆ ಮದ್ದು ಕೊಡುತ್ತಿದ್ದೇವಲ್ಲ ಎಂಬ ಯೋಚನೆ ಅವರನ್ನು ಬಿಡಲಿಲ್ಲ.

1909ರಲ್ಲಿ ನ್ಯೂಯಾರ್ಕ್‌ನ ರಸೆಲ್ ಸೇಜ್ ಫೌಂಡೇಷನ್ ಅವರನ್ನು ಕರೆಸಿಕೊಂಡಿತು. ಒಂದು ಕಾಲಕ್ಕೆ ಹಸಿವು ಜ್ವರಗಳಲ್ಲಿ ಸೋತು ಬಿಟ್ಟು ಹೋಗಿದ್ದ ಊರಿಗೆ ಈಗ ವಿಭಾಗವೊಂದರ ಮುಖ್ಯಸ್ಥೆಯಾಗಿ ಬಂದರು. ಕೊನೆಯವರೆಗೂ ಅಲ್ಲೇ ಇದ್ದರು. ಬೇಸಿಗೆಯಲ್ಲಿ ಕಾರ್ಯಕರ್ತರಿಗೆ ಪಾಠ, ಉಳಿದ ಕಾಲದಲ್ಲಿ ಬೇರೆ ಬೇರೆ ಊರುಗಳ ಕೇಸ್ ದಾಖಲೆಗಳ ಅಧ್ಯಯನ. 1913ರಲ್ಲಿ 985 ವಿಧವೆಯರ ಬದುಕಿನ ಬಗ್ಗೆ ಒಂದು ವರದಿ ಹೊರಬಂತು. ಆ ಸಂಖ್ಯೆಯಲ್ಲಿ ಪ್ರತಿಯೊಂದೂ ಒಬ್ಬ ತಾಯಿಯ ಕತೆ.

ಅಷ್ಟರಲ್ಲಿ ಒಂದು ಪೆಟ್ಟು ಬಿತ್ತು. 1915ರಲ್ಲಿ ಬಾಲ್ಟಿಮೋರ್‌ನಲ್ಲೇ ನಡೆದ ಸಮ್ಮೇಳನಕ್ಕೆ ಏಬ್ರಹಾಂ ಫ್ಲೆಕ್ಸ್‌ನರ್ ಎಂಬ ಶಿಕ್ಷಣ ತಜ್ಞರನ್ನು ಕರೆಸಿದ್ದರು. 1910ರಲ್ಲಿ ವೈದ್ಯಕೀಯ ಶಿಕ್ಷಣದ ಬಗ್ಗೆ ವರದಿ ಕೊಟ್ಟು ಎಷ್ಟೋ ಕಾಲೇಜುಗಳಿಗೆ ಬೀಗ ಬೀಳಲು ಕಾರಣರಾದವರು ಅವರು. ಸಮಾಜಕಾರ್ಯ ಇನ್ನೂ ಒಂದು ವೃತ್ತಿಯಾಗಿಲ್ಲ, ಅದಕ್ಕೆ ತನ್ನದೇ ಆದ, ಕಲಿಸಬಲ್ಲ ವಿಧಾನವಿಲ್ಲ ಎಂದು ವೇದಿಕೆಯಲ್ಲೇ ಹೇಳಿಬಿಟ್ಟರು. ಕೇಳಿದವರೆಲ್ಲ ಚಡಪಡಿಸಿದರು. ಮೇರಿ ಮಾತ್ರ ಅಷ್ಟುಹೊತ್ತಿಗೆ ವರ್ಷಗಳಿಂದ ಅದೇ ವಿಧಾನವನ್ನು ಬರೆಯುತ್ತ ಕೂತಿದ್ದರು. 1917ರಲ್ಲಿ ‘ಸೋಷಿಯಲ್ ಡಯಾಗ್ನೋಸಿಸ್’ ಪ್ರಕಟವಾಯಿತು. ಐನೂರಕ್ಕೂ ಹೆಚ್ಚು ಪುಟಗಳ ಆ ಪುಸ್ತಕ, ಸಮಾಜಕಾರ್ಯವನ್ನು ಹೇಗೆ ಮಾಡಬೇಕೆಂದು ಹೆಜ್ಜೆಹೆಜ್ಜೆಯಾಗಿ ಹೇಳಿದ ಮೊದಲ ದೊಡ್ಡ ಗ್ರಂಥ.

ಅದರಲ್ಲೇನಿದೆ ಎಂದರೆ, ಬಂದವರ ಜೊತೆ ಮೊದಲ ಮಾತುಕತೆ ಹೇಗಿರಬೇಕು, ಎಲ್ಲಿ ಕೂರಬೇಕು, ಎಷ್ಟು ಸಾವಧಾನ ಬೇಕು ಎಂಬುದರಿಂದ ಹಿಡಿದು ಎಲ್ಲವೂ ಇದೆ. ಸಂಬಂಧಿಕರು, ಶಿಕ್ಷಕರು, ವೈದ್ಯರು, ಮಾಲೀಕರು, ನೆರೆಯವರು ಹೇಳುವುದರಲ್ಲಿ ಯಾವುದನ್ನು ಎಷ್ಟು ನಂಬಬಹುದು? ಕಣ್ಣಾರೆ ಕಂಡದ್ದು ಯಾವುದು, ಕೇಳಿದ್ದು ಯಾವುದು, ನಾವೇ ಊಹಿಸಿಕೊಂಡದ್ದು ಯಾವುದು? ವಲಸೆ ಬಂದ ಕುಟುಂಬ, ಗಂಡ ಬಿಟ್ಟುಹೋದ ಮನೆ, ಮಕ್ಕಳಿರುವ ವಿಧವೆ, ನಿರ್ಲಕ್ಷ್ಯಕ್ಕೊಳಗಾದ ಮಗು, ಅಂಧ ವ್ಯಕ್ತಿ ಹೀಗೆ ಒಂದೊಂದು ಸಂದರ್ಭಕ್ಕೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳ ಪಟ್ಟಿ. ಆ ಪಟ್ಟಿಯನ್ನು ಕಷ್ಟದಲ್ಲಿರುವವರ ಮುಂದೆ ಹಿಡಿದು ಟಿಕ್ ಹಾಕುವುದಕ್ಕಲ್ಲ, ಕಾರ್ಯಕರ್ತರು ತಮ್ಮಷ್ಟಕ್ಕೆ ತಾವು ಯೋಚಿಸುವುದಕ್ಕೆ ಎಂದೂ ಎಚ್ಚರಿಸಿದ್ದಾರೆ.

ನಮ್ಮ ಫೀಲ್ಡ್ ವರ್ಕ್‌ನಲ್ಲಿ ಕಂಡ ಒಂದು ಸಂಗತಿ ಹೇಳಿದರೆ ಇದು ಸ್ಪಷ್ಟವಾದೀತು. ಮಾರುಕಟ್ಟೆಯಲ್ಲಿ ಮೂಟೆ ಹೊರುವ ಒಬ್ಬರು ಕ್ಷಯಕ್ಕೆ ಆರು ತಿಂಗಳು ನುಂಗಬೇಕಾದ ಮಾತ್ರೆಯನ್ನು ಎರಡನೇ ತಿಂಗಳಲ್ಲೇ ಬಿಟ್ಟಿದ್ದರು. ಕಾರ್ಡಿನಲ್ಲಿ ಸಹಕರಿಸುತ್ತಿಲ್ಲ ಎಂದು ಒಂದೇ ಪದದಲ್ಲಿ ಬರೆದಿತ್ತು. ನಮ್ಮ ಮಾರ್ಗದರ್ಶಕಿ ಮೇಡಂ ಜೊತೆ ಮನೆಗೆ ಹೋದಾಗ ಕಂಡದ್ದು ಬೇರೆ. ಬೆಳಗಿನ ಜಾವ ನಾಲ್ಕಕ್ಕೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ ಹೊರಟರೆ ವಾಂತಿ, ವಾಂತಿಯಾದರೆ ಮೂಟೆ ಎತ್ತಲಾಗದು, ಎತ್ತದಿದ್ದರೆ ಆ ದಿನದ ಕೂಲಿ ಇಲ್ಲ. ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ತಿಂಗಳಿಗೆ ಕೊಡುವ 1,000 ರೂಪಾಯಿಯೂ ಬಂದಿರಲಿಲ್ಲ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಲಿಲ್ಲ. ಮೇಡಂ ವೈದ್ಯರ ಹತ್ತಿರ ಮಾತಾಡಿ ಮಾತ್ರೆಯ ಹೊತ್ತು ಬದಲಿಸಿದರು. ಬ್ಯಾಂಕಿಗೆ ಜೊತೆಯಲ್ಲಿ ಹೋಗಿ ಬಂದರು. ಮಾರುಕಟ್ಟೆಯ ಪಕ್ಕದ ಟೀ ಅಂಗಡಿಯ ಅಕ್ಕನಿಗೆ, ದಿನಾ ತಿಂಡಿಯಾದ ಮೇಲೆ ಮಾತ್ರೆ ನುಂಗಿದರೇ ಎಂದು ಕೇಳುವ ಜವಾಬ್ದಾರಿ ಕೊಟ್ಟರು, ಅದೂ ಅವರ ಒಪ್ಪಿಗೆ ಪಡೆದು. ಮುಂದಿನ ನಾಲ್ಕು ತಿಂಗಳೂ ವಾರಕ್ಕೊಮ್ಮೆ ವಿಚಾರಿಸಿದರು. ಮನೆ, ನೆರೆ, ದುಡಿಯುವ ಜಾಗ, ಆಸ್ಪತ್ರೆ, ಸರ್ಕಾರ ಎಲ್ಲ ವೃತ್ತಗಳನ್ನೂ ಅವರು ತಟ್ಟಿದ್ದರು. ಅವರ ಬ್ಯಾಗಿನಲ್ಲಿ ರಿಚ್ಮಂಡ್ ಪುಸ್ತಕ ಇರಲಿಲ್ಲ, ಆದರೆ ಕೆಲಸದ ಹಿಂದೆ ಆಕೆಯ ಪಾಠ ಇದ್ದೇ ಇತ್ತು.

ಮೊದಲ ಮಹಾಯುದ್ಧದಲ್ಲಿ ಅಮೆರಿಕ ಇಳಿದಾಗ ಸೈನಿಕರ ಕುಟುಂಬಗಳನ್ನು ನೋಡಿಕೊಳ್ಳಲು ರೆಡ್ ಕ್ರಾಸ್‌ಗೆ ತರಬೇತಿ ಪಡೆದವರು ಬೇಕಾದರು. ಮೇರಿ ಆ ತರಬೇತಿಗೂ ನೆರವಾದರು. 1921ರಲ್ಲಿ ಸ್ಮಿತ್ ಕಾಲೇಜು ಅವರಿಗೆ ಗೌರವ ಎಂ.ಎ. ಪದವಿ ಕೊಟ್ಟಿತು. ಹೈಸ್ಕೂಲಿಗೇ ಓದು ನಿಂತಿದ್ದ ಮೇರಿಗೆ ಅರವತ್ತನೇ ವಯಸ್ಸಿನಲ್ಲಿ ಬಂದ ಡಿಗ್ರಿ ಅದು. 1922ರಲ್ಲಿ ಕೇಸ್‌ವರ್ಕ್ ಎಂದರೇನು ಎಂಬ ಸಣ್ಣ ಪುಸ್ತಕ ಬರೆದರು. ಹೆಲೆನ್ ಕೆಲರ್ ಎಂಬ ಕಣ್ಣು ಕಿವಿ ಎರಡೂ ಇಲ್ಲದ ಬಾಲಕಿಯನ್ನು ಟೀಚರ್ ಆನ್ ಸಲಿವನ್ ಹೇಗೆ ಅರಳಿಸಿದರು ಎಂಬುದನ್ನು ಅದರಲ್ಲಿ ಉದಾಹರಣೆಯಾಗಿ ಹೇಳುತ್ತಾರೆ. ಮನುಷ್ಯ ಮತ್ತು ಆತನ ಸುತ್ತಲಿನ ಪರಿಸರ ಇವೆರಡನ್ನೂ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ, ಅರಿತು ಹೊಂದಿಸುತ್ತ ವ್ಯಕ್ತಿತ್ವ ಬೆಳೆಸುವುದೇ ಕೇಸ್‌ವರ್ಕ್ ಎಂಬುದು ಅವರ ನಿಲುವು.

ಮೇರಿಯವರನ್ನು ಕಣ್ಣು ಮುಚ್ಚಿ ಹೊಗಳಲು ನನಗೆ ಮನಸ್ಸಿಲ್ಲ. ಮಕ್ಕಳಿರುವ ವಿಧವೆಯರಿಗೆ ಸರ್ಕಾರವೇ ಪಿಂಚಣಿ ಕೊಡಬೇಕು ಎಂಬ ಚಳವಳಿ ಎದ್ದಾಗ ಅವರು ವಿರೋಧಿಸಿದರು. 1911ರಲ್ಲಿ ಇಲಿನಾಯ್ ಅಂಥ ಕಾನೂನು ತಂದಿತ್ತು, ಬೇರೆ ರಾಜ್ಯಗಳೂ ಹಿಂಬಾಲಿಸಿದವು. ಒಂದೊಂದು ಮನೆಯನ್ನು ಅರಿಯದೆ ಸರ್ಕಾರ ಎಲ್ಲರಿಗೂ ಹಣ ಹಂಚಿದರೆ ಅದು ರಾಜಕೀಯದ ಪಾಲಾಗುತ್ತದೆ ಎಂಬ ಭಯ ಅವರದು. ಇಲ್ಲಿ ನಾನು ಅವರ ಜೊತೆ ಇಲ್ಲ. ತಿಂಗಳ ಪಿಂಚಣಿಯ ನೆಚ್ಚಿಕೆಯಲ್ಲಿ ಮಗಳನ್ನು ಹಾಸ್ಟೆಲಿನಿಂದ ಬಿಡಿಸದೆ ಓದಿಸುತ್ತಿರುವ ತಾಯಂದಿರನ್ನು ನಾನೇ ಕಂಡಿದ್ದೇನೆ. ಒಬ್ಬರು ಬಂದು ಯೋಗ್ಯತೆ ಅಳೆದು ಕೊಡುವ ನೆರವಿಗೂ, ಹಕ್ಕಿನಿಂದ ಬರುವ ಹಣಕ್ಕೂ ವ್ಯತ್ಯಾಸವಿದೆ. ಕೇಸ್‌ವರ್ಕ್ ಒಬ್ಬೊಬ್ಬರನ್ನೇ ನೋಡುತ್ತ ಸಮಾಜದ ದೊಡ್ಡ ಅನ್ಯಾಯವನ್ನು ಮರೆಯುತ್ತದೆ ಎಂಬ ಟೀಕೆ ಆಗಲೂ ಇತ್ತು, ಈಗಲೂ ಇದೆ. ಮೇರಿ ತಮ್ಮ ಕಡೆಯಿಂದ ಹೇಳುತ್ತಿದ್ದುದು ಇಷ್ಟು: ಸುಧಾರಣೆಯಲ್ಲಿ ಸಗಟು ವ್ಯಾಪಾರವೂ ಬೇಕು, ಚಿಲ್ಲರೆ ವ್ಯಾಪಾರವೂ ಬೇಕು. ಕಾನೂನು ಸಗಟು. ಅದು ಬಡವನ ಮನೆಯ ಬಾಗಿಲಿಗೆ ನಿಜಕ್ಕೂ ತಲುಪಿತೇ ಎಂದು ನೋಡುವುದು ಚಿಲ್ಲರೆ. ಎರಡೂ ಒಂದನ್ನೊಂದು ತಿದ್ದಬೇಕು.

ಕೊನೆಯ ವರ್ಷಗಳ ಕೆಲಸವೇ ಇದಕ್ಕೆ ಸಾಕ್ಷಿ. ಕೇಸ್ ದಾಖಲೆಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತಿದ್ದ ಬಾಲವಧುಗಳು ಅವರನ್ನು ಕಾಡಿದರು. ಬಾಲ್ಯವಿವಾಹ ನಮ್ಮ ದೇಶದ ಪಿಡುಗು ಎಂದಷ್ಟೇ ತಿಳಿದಿರುವ ನಮಗೆ ಇದು ಅಚ್ಚರಿ. ಆಗ ಅಮೆರಿಕದ ಕೆಲವು ರಾಜ್ಯಗಳಲ್ಲಿ ಹನ್ನೆರಡರ ಹುಡುಗಿಯ ಮದುವೆಗೂ ಕಾನೂನಿನ ಅಡ್ಡಿ ಇರಲಿಲ್ಲ. ಸಹೋದ್ಯೋಗಿ ಫ್ರೆಡ್ ಹಾಲ್ ಜೊತೆ 1925ರಲ್ಲಿ ಬಾಲ್ಯವಿವಾಹದ ಬಗ್ಗೆ ಪುಸ್ತಕ ತಂದು, ಮದುವೆ ಕಾನೂನುಗಳ ತಿದ್ದುಪಡಿಗೆ ಒತ್ತಾಯಿಸಿದರು. ವಿವಾಹ ಮತ್ತು ಸರ್ಕಾರದ ಸಂಬಂಧ ಕುರಿತ ಇನ್ನೊಂದು ದೊಡ್ಡ ಪುಸ್ತಕ ಹೊರಬಂದದ್ದು 1929ರಲ್ಲಿ. ನಮ್ಮಲ್ಲಿ ಶಾರದಾ ಕಾಯ್ದೆ ಬಂದದ್ದೂ ಅದೇ ವರ್ಷ. ಆದರೆ ಆ ಪುಸ್ತಕ ನೋಡಲು ಮೇರಿ ಇರಲಿಲ್ಲ. ಕ್ಯಾನ್ಸರ್‌ನಿಂದ 1928ರ ಸೆಪ್ಟೆಂಬರ್ 12ರಂದು ನ್ಯೂಯಾರ್ಕ್‌ನಲ್ಲಿ ತೀರಿಕೊಂಡಿದ್ದರು. ಆಗ ಅವರಿಗೆ ಅರವತ್ತೇಳು. ಮದುವೆಯಾಗಿರಲಿಲ್ಲ.

ಅವರು ತೀರಿಕೊಂಡ ಎಂಟು ವರ್ಷಕ್ಕೆ, 1936ರಲ್ಲಿ, ಅಮೆರಿಕದಿಂದ ಬಂದಿದ್ದ ಕ್ಲಿಫರ್ಡ್ ಮ್ಯಾನ್ಶಾರ್ಟ್ ಅವರ ಮುಂದಾಳತ್ವದಲ್ಲಿ ಬಾಂಬೆಯಲ್ಲಿ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆ ಶುರುವಾಯಿತು. ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ. ಕೇಸ್‌ವರ್ಕ್ ಪಾಠ ಆ ದಾರಿಯಲ್ಲಿ ನಮ್ಮ ದೇಶಕ್ಕೆ ಬಂದು, ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ಮನೋರೋಗಿಗಳ ಕುಟುಂಬದ ಜೊತೆ ಕೂತು ಮಾತಾಡುವ ಮನೋವೈದ್ಯಕೀಯ ಸಮಾಜಕಾರ್ಯವಾಗಿ ಬೆಳೆಯಿತು. 2015ರ ಬಾಲನ್ಯಾಯ ಕಾಯ್ದೆಯಡಿ ರಕ್ಷಣೆಗೆ ಬಂದ ಪ್ರತಿ ಮಗುವಿನ ಬಗ್ಗೆ ಸಾಮಾಜಿಕ ತನಿಖಾ ವರದಿ ಬರೆಯಬೇಕು, ಆ ಮಗುವಿಗೇ ಎಂದು ಆರೈಕೆ ಯೋಜನೆ ಮಾಡಬೇಕು. ಮಗು ಏನು ಹೇಳಿತು, ಮನೆಯಲ್ಲಿ ಯಾರಿದ್ದಾರೆ, ಶಾಲೆ ಏಕೆ ಬಿಟ್ಟಿತು, ಅದಕ್ಕೆ ಏನಿಷ್ಟ ಎಂದೆಲ್ಲ ಆ ಅರ್ಜಿ ಕೇಳುತ್ತದೆ.

ಅದನ್ನು ಅರ್ಧ ಗಂಟೆಯಲ್ಲಿ ತುಂಬಿ ಫೈಲಿಗೆ ಸೇರಿಸಿಬಿಡಬಹುದು. ಹಾಗೆ ಮಾಡಿದರೆ ಯಾರೂ ಕೇಳುವುದಿಲ್ಲ, ಏಕೆಂದರೆ ಒಬ್ಬೊಬ್ಬರ ಕೈಯಲ್ಲೂ ಹತ್ತಾರು ಫೈಲುಗಳಿರುತ್ತವೆ. ಆದರೆ ಮಗು ಮನೆಗೆ ಹಿಂದಿರುಗಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಆ ಹಾಳೆಯೂ ಆಧಾರವಾಗುತ್ತದೆ. ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂದು ಬೇರ್ಪಡಿಸದೆ ಬರೆದ ಒಂದು ಸಾಲು ಒಂದು ಬಾಲ್ಯವನ್ನೇ ದಾರಿ ತಪ್ಪಿಸಬಲ್ಲದು. ಮೇರಿ ರಿಚ್ಮಂಡ್ ಬದುಕಿಡೀ ಹೆದರಿದ್ದು ಆ ಸಾಲಿಗೇ. ಮುಂದಿನ ವರ್ಷ ನನ್ನಂಥ ನೂರಾರು ಮಂದಿ ಪದವಿ ಹಿಡಿದು ಇಂಥ ಕುರ್ಚಿಗಳಲ್ಲಿ ಕೂರಲಿದ್ದೇವೆ. ಎದುರಿಗೆ ಬಂದು ಕೂತವರ ಹೆಸರು ಬರೆದುಕೊಳ್ಳುವ ಮೊದಲು ಪೆನ್ನು ಕೆಳಗಿಟ್ಟು, ಅವರ ಮಾತು ಮುಗಿಯುವವರೆಗೆ ಕೇಳುವಷ್ಟು ತಾಳ್ಮೆ ನಮಗಿರಲಿ. ಮಾತ್ರೆ ಬಿಟ್ಟವರ ಕಾರ್ಡಿನ ಮೇಲೆ ಒಂದು ಪದ ಬರೆಯುವ ಮೊದಲು ಅವರ ಮನೆಗೊಮ್ಮೆ ಹೋಗಿ ಬರೋಣ.